ಫೋಟೊ ಬಂತು, ಬೀಗರು ಬರಲಿಲ್ಲ

ಉಮರ್ಗಾ: ಜೋಳದ ಕಣಕಿಯ ಕೊಂಪಿ ಹಾಕಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಭಜ್ಜಿ, ರೊಟ್ಟಿ, ಅಂಬಲಿಯನ್ನು ಹೊಲದಲ್ಲೇ ಬೀಗರೊಂದಿಗೆ ಕೂತು ಉಣ್ಣುವ ಎಳ್ಳಮಾವಾಸ್ಯೆ ಗಡಿಯ ಎರಡೂ ಕಡೆ ಒಂದೇ. ಲಾತೂರ ಕಡೆಯ ಮರಾಠಿಗರ ಬಾಯಲ್ಲಿ ಅದು 'ಯೆಳವಸ'. ಈಗ ಹಬ್ಬದ ದಿನ ಬೆಳಿಗ್ಗೆ ಹತ್ತರೊಳಗೇ ಭಜ್ಜಿಯ ಫೋಟೊ ಭಾಲ್ಕಿಯಿಂದ ಉದಗೀರಕ್ಕೆ, ಆಳಂದದಿಂದ ಉಮರ್ಗಾಕ್ಕೆ ಮೊಬೈಲ್‌ನಲ್ಲಿ ಬಂದುಬಿಡುತ್ತದೆ. ಫೋಟೊ ಬರುತ್ತದೆ, ಬೀಗರು ಬರುವುದಿಲ್ಲ.

ಉದಗೀರ, ನಿಲಂಗಾ 1956ರವರೆಗೆ ಬೀದರ್ ಜಿಲ್ಲೆಯ ತಾಲ್ಲೂಕುಗಳೇ. ಆ ವರ್ಷದ ನವೆಂಬರ್ 1ರಂದು ರಾಜ್ಯ ಬೇರೆಯಾಯಿತು, ಹೆಣ್ಣು ಕೊಡುವುದು ತರುವುದು ನಿಲ್ಲಲಿಲ್ಲ. ಫೋನಿನ ವಿಷಯದಲ್ಲೂ ಗಡಿಯವರು ಪಾಡು ಪಟ್ಟವರೇ. ಔರಾದ ಶಹಾಜನಿ ದಾಟಿ ಮೊಬೈಲ್ ಕರ್ನಾಟಕದ ಟವರ್ ಹಿಡಿದರೆ ಸಾಕು, ಬಂದ ಕರೆಗೂ ದುಡ್ಡು ಹೋಗುತ್ತಿತ್ತು. ಮಗಳು ತವರು ಮುಟ್ಟಿದ್ದು ಮಿಸ್ಡ್ ಕಾಲ್‌ನಿಂದ ತಿಳಿಯಬೇಕು. 2015ರ ಜೂನ್‌ನಲ್ಲಿ ಬಿಎಸ್ಎನ್ಎಲ್ ರೋಮಿಂಗ್‌ನಲ್ಲಿ ಒಳಬರುವ ಕರೆ ಉಚಿತ ಮಾಡಿತು, ಮುಂದೆ ಉಳಿದ ಕಂಪನಿಗಳೂ ಮಾಡಿದವು. ಮಾತು ಪುಕ್ಕಟೆ ಆದಮೇಲೆಯೇ ಮಾತು ಕಡಿಮೆಯಾಯಿತು ಎಂಬುದು ಹಿರಿಯರ ತಕರಾರು. ಅದು ಸುಳ್ಳಲ್ಲ.

ಇದರಲ್ಲಿ ಗಡಿಯವರಿಗೆ ಮಾತ್ರ ಗೊತ್ತಿರುವ ಒಂದು ತೊಡಕಿದೆ. ಈ ಕಡೆಯ ಬಹಳಷ್ಟು ಮನೆಗಳಲ್ಲಿ ಕನ್ನಡ ಬಾಯಲ್ಲಿದೆ, ಕೈಯಲ್ಲಿಲ್ಲ. ಸಾಲಿ ಮರಾಠಿ, ಅರ್ಜಿ ಮರಾಠಿ, ಹೊಲದ ಸಾತ್‌ಬಾರಾ ಉತಾರಾ ಮರಾಠಿ. ಬಸವಕಲ್ಯಾಣದ ಸೋದರಮಾವ ಕನ್ನಡದಲ್ಲಿ ಬರೆದು ಕಳಿಸಿದ್ದನ್ನು ನಿಲಂಗಾದ ಅಳಿಯನಿಗೆ ಓದಲು ಬರುವುದಿಲ್ಲ. ಹೆಬ್ಬೆಟ್ಟಿನ ಚಿತ್ರ ಒತ್ತಿ ಮುಗಿಸುತ್ತಾನೆ. ಓದಿದ ಎಂದು ಮಾವ ತಿಳಿಯುತ್ತಾನೆ. ಬಂದದ್ದು ಯಾರೋ ತೀರಿಕೊಂಡ ಸುದ್ದಿಯಾದರೂ ಹೆಬ್ಬೆಟ್ಟೇ. ಸಾಲಿ ಕಲಿತವರೂ ಮತ್ತೆ ಹೆಬ್ಬೆಟ್ಟು ಒತ್ತುವ ಕಾಲ ಬಂತು, ಏನು ಮಾಡುವುದು!

ಅದೇ ಮೊಬೈಲ್‌ನಲ್ಲಿ ದನಿ ಕಳಿಸಬಹುದಲ್ಲ? ಅದಕ್ಕೆ ಲಿಪಿ ಬೇಕಿಲ್ಲ. "ಮಾಮಾ, ಹ್ಯಾಂಗಿದ್ದೀರಿ? ಆಯಿ ಕಾಲ್ನೋವು ಕಡಿಮಿ ಆಯ್ತೇನ್ರಿ?" ಎಂದರೆ ಮುಗಿಯಿತು. ಪುಣೆಗೆ ಕೆಲಸಕ್ಕೆ ಹೋದ ಮೊಮ್ಮಗ ಅರ್ಧ ಮರಾಠಿ ಬೆರೆಸಿದರೂ ಆಯಿ ನಕ್ಕು ತಿದ್ದುತ್ತಾಳೆ. ಅವನ ಮಕ್ಕಳ ಕಿವಿಗೆ ಕನ್ನಡ ಬೀಳಲು ಆಯಿಯ ದನಿ ಬಿಟ್ಟರೆ ಬೇರೆ ದಾರಿಯೇ ಉಳಿಯದ ಮನೆಗಳಿವೆ.

ಮನೆಯ ಮಾತು ಹೀಗೆ ತಡವರಿಸುವಾಗ ಜಗಳದ ಸುದ್ದಿಗೆ ಮಾತ್ರ ಯಾವ ತಡೆಯೂ ಇಲ್ಲ. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಬಳಿ ಭಾಷೆಯ ವಿಷಯಕ್ಕೆ ಕಂಡಕ್ಟರ್ ಮೇಲೆ ಹಲ್ಲೆಯಾಗಿ, ಗಲಾಟೆ ಬೆಳೆದು, ಕರ್ನಾಟಕಕ್ಕೆ ಹೋಗುವ ಎಸ್‌ಟಿ ಬಸ್ಸುಗಳನ್ನು ಮಹಾರಾಷ್ಟ್ರ ನಿಲ್ಲಿಸಿತ್ತು. ಅಂಥ ಹೊತ್ತಿನಲ್ಲಿ ದೂರದ ಜಗಳದ ವಿಡಿಯೊ ಮೊದಲು ಬರುತ್ತದೆ, ಬೀಗರ ಕ್ಷೇಮ ಸಮಾಚಾರ ಆಮೇಲೆ. ಒಂದೇ ಅಡುಗೆಮನೆಯಲ್ಲಿ ಎರಡು ಭಾಷೆ ಇಟ್ಟುಕೊಂಡವರು ಅದನ್ನು ಇನ್ನೊಬ್ಬರಿಗೆ ದಾಟಿಸುವ ಬದಲು ಗಡಿಯಾಚೆಯ ಬೀಗರಿಗೆ ಒಂದು ಫೋನ್ ಮಾಡಿದರೆ ಏನು ಕಳೆದೀತು?

ಲಗ್ನಪತ್ರಿಕೆಯದಂತೂ ಹೇಳುವುದೇ ಬೇಡ. ಉದಗೀರದಿಂದ ಕಮಲನಗರ, ಭಾಲ್ಕಿ, ಬೀದರ್‌ಗೆ ರೈಲಿದೆ. ಉಮರ್ಗಾದಿಂದ ಬಸವಕಲ್ಯಾಣದ ಕಡೆಗೆ ಹೈದರಾಬಾದ್ ಹೆದ್ದಾರಿಯೇ ಇದೆ. ಆದರೂ ಪತ್ರಿಕೆ ಮೊಬೈಲ್‌ಗೆ ಬರುತ್ತದೆ, ಕೆಳಗೆ 'ಇದನ್ನೇ ಖುದ್ದು ಕರೆ ಎಂದು ತಿಳಿಯಿರಿ' ಎಂಬ ಸಾಲು. ಕುಂಕುಮ ಹಚ್ಚಿ ಕರೆದು ರೂಢಿಯಿರುವ ಹಿರಿಯರು ಕನ್ನಡಕ ತೆಗೆದು ಮೊಬೈಲ್ ವಾಪಸ್ ಕೊಡುತ್ತಾರೆ. "ನಮ್ಮ ಹೊಸ್ತಿಲು ತುಳೀಲಾರದವರ ಮದಿವಿಗೆ ನಾವ್ಯಾಕ ಹೋಗಬೇಕು?"