ಗೆಂಡೆ ಮೀನಿಗೆ ಗಾಳ ಸಾಕು, ತುತ್ತು ಬೇಡ

ತುಲಾಮಾಸದ ಮಳೆ ಕಳೆದು ಹೊಳೆಯ ನೀರು ತಿಳಿಯಾಗುತ್ತಿದ್ದಂತೆ ನಮ್ಮ ಮಕ್ಕಳ ಕೈಗೆ ಗಾಳ ಬರುತ್ತದೆ. "ಪುಸ್ತಕ ಬಿಟ್ಟು ಹೊಳೆ ಬದಿಯಲ್ಲಿ ಕೂತಿದ್ದಾನೆ" ಎಂದು ಹಿರಿಯರು ಗದರುವುದೂ ಇದ್ದದ್ದೇ. ಗದರುವ ಮೊದಲು ಸ್ವಲ್ಪ ಯೋಚಿಸಬೇಕು ಎಂದು ನನಗೆ ಅನಿಸುತ್ತದೆ. ಹೊಳೆಯ ಮೀನು ಹಿಡಿಯಲು ಜನ ಕಂಡುಕೊಂಡ ದಾರಿಗಳು ಹಲವು: ಗಾಳ, ಬಲೆ, ತೋಟೆ, ಕರೆಂಟು, ವಿಷ. ಇವುಗಳಲ್ಲಿ ಹೊಳೆಗೆ ನಾಳೆಯನ್ನು ಉಳಿಸುವುದು ಗಾಳ. ಅದನ್ನು ಮಕ್ಕಳಿಗೆ ನಾವೇ ಕೂತು ಕಲಿಸಬೇಕು, ಕಲಿಯದ ದೊಡ್ಡವರೂ ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಗೆಂಡೆ ಎಂದರೆ ಒಂದು ಮೀನಿನ ಹೆಸರಲ್ಲ, ದೊಡ್ಡದೊಂದು ಕುಟುಂಬ. ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಈ ಕುಟುಂಬದವು. ಮೂರೂ ಗಂಗಾನದಿಯ ಕಡೆಯವು. ನಿಂತ ನೀರಿನಲ್ಲಿ ಅವು ಮೊಟ್ಟೆ ಇಡುವುದಿಲ್ಲವಾದ್ದರಿಂದ ಹಿಂದೆ ಮರಿಗಳನ್ನು ನದಿಯಿಂದಲೇ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಎಂಬ ವಿಜ್ಞಾನಿಗಳು ಚುಚ್ಚುಮದ್ದು ಕೊಟ್ಟು ಇವುಗಳಿಂದ ಮರಿ ಮಾಡಿಸಿದ ಮೇಲೆ ದೇಶದ ಮೀನು ಸಾಕಣೆಯೇ ಬದಲಾಯಿತು. ನಾವು ಸಾಮಾನ್ಯ ಗೆಂಡೆ ಎನ್ನುವುದು ಹೊರದೇಶದ್ದು. 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ಬಂತು, 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿ ಬಂತು. ನಮ್ಮ ಮಣ್ಣಿನವೇ ಆದ ಗೆಂಡೆಗಳೂ ಇವೆ. ಶಿಶಿಲದಲ್ಲಿ, ತೊಡಿಕಾನದಲ್ಲಿ ಭಕ್ತರು ಅಕ್ಕಿ ಹಾಕುವ ದೇವರ ಮೀನು, ಅಂದರೆ ಮಹಶೀರ್, ಈ ಕುಟುಂಬದ ಹಿರಿಯಣ್ಣ. ನಮ್ಮ ತೋಡುಗಳಲ್ಲಿ ಹಿಂಡು ಹಿಂಡಾಗಿ ಓಡುವ, ಬಾಲದ ಹತ್ತಿರ ಕಪ್ಪು ಬೊಟ್ಟಿರುವ ಬೆಳ್ಳಿ ಬಣ್ಣದ ಸಣ್ಣ ಮೀನು ಇದೇ ಮನೆತನದ ಕಿರಿಯ. ವೀರಕಂಬದ ಗುಡ್ಡಗಳಲ್ಲಿ ಹುಟ್ಟಿ ನಮ್ಮ ಕಡೆಯಿಂದ ಇಳಿದು ಸಮುದ್ರ ಸೇರುವ ಉಪ್ಪಳ ಹೊಳೆಯಲ್ಲಿ ಗಾಳ ಹಾಕುವವನು ಮೊದಲು ಈ ಕಿರಿಯನ ಪರಿಚಯ ಮಾಡಿಕೊಳ್ಳಬೇಕು. ಉಪ್ಪುನೀರು ಏರಿ ಬರುವ ಕೆಳಗಿನ ಭಾಗದಲ್ಲಿ ಗೆಂಡೆಗೆ ಕೆಲಸವಿಲ್ಲ, ಅದು ಸಿಹಿನೀರಿನ ಮೀನು.

ಶುರು ಮಾಡಲು ಹೆಚ್ಚಿನದ್ದೇನೂ ಬೇಡ. ಎರಡು ಆಳುದ್ದದ ವಾಟೆ ಅಥವಾ ಸಪೂರ ಬಿದಿರಿನ ಕೋಲು, ಕೋಲಿನಷ್ಟೇ ಉದ್ದದ ನೈಲಾನ್ ನೂಲು, ಒಂದು ಸಣ್ಣ ಗಾಳ, ಒಂದು ಬೆಂಡು. ಹಳೆಯ ಹವಾಯಿ ಚಪ್ಪಲಿಯ ತುಂಡು ಒಳ್ಳೆಯ ಬೆಂಡಾಗುತ್ತದೆ. ಪೇಟೆಯಲ್ಲಿ ಸಿಗುವ ರೀಲು, ಫೈಬರ್ ಕೋಲು ಇವೆಲ್ಲ ಆಮೇಲಿನ ಮಾತು. ಹೊಸಬರು ಮಾಡುವ ದೊಡ್ಡ ತಪ್ಪು ಗಾಳದ ಗಾತ್ರದ್ದು. ಗೆಂಡೆಯ ದವಡೆಯಲ್ಲಿ ಹಲ್ಲಿಲ್ಲ, ಹಲ್ಲು ಇರುವುದು ಗಂಟಲಲ್ಲಿ. ಅದು ಕಚ್ಚಿ ಎಳೆಯುವುದಿಲ್ಲ, ತುಟಿಯಿಂದ ಹೀರಿ ನೋಡುತ್ತದೆ, ಇಷ್ಟವಾಗದಿದ್ದರೆ ಉಗುಳುತ್ತದೆ. ದೊಡ್ಡ ಗಾಳವನ್ನು ಉಗುಳುವುದೇ ಹೆಚ್ಚು. ಭಾರಕ್ಕೆ ಸೀಸದ ತುಂಡು ಕಟ್ಟಿ ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡುವ ಅಭ್ಯಾಸ ಹಲವರಿಗಿದೆ. ಸೀಸ ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಸೈಕಲಿನ ಒಂದು ಸಣ್ಣ ನಟ್ಟು ಕಟ್ಟಿದರೆ ಸಾಕು.

ಎರೆಗೆ ಗೊಬ್ಬರಗುಂಡಿಯ ಎರೆಹುಳ ಇದ್ದೇ ಇದೆ. ಆದರೆ ಗೆಂಡೆಗೆ ಹಿಟ್ಟಿನ ಮೇಲೆ ಆಸೆ ಹೆಚ್ಚು. ಗೋಧಿಹಿಟ್ಟಿಗೆ ಸ್ವಲ್ಪ ನೆಲಗಡಲೆ ಹಿಂಡಿ ಸೇರಿಸಿ ಗಟ್ಟಿಯಾಗಿ ಕಲಸಿ, ಕಡಲೆಯಷ್ಟು ಉಂಡೆ ಮಾಡಿ ಗಾಳಕ್ಕೆ ಹಚ್ಚಬೇಕು. ಅದೇ ಹಿಂಡಿಗೆ ತೌಡು ಬೆರೆಸಿ ಎರಡು ದಿನ ಮೊದಲೇ ಒಂದೇ ಜಾಗಕ್ಕೆ ಒಂದೊಂದು ಮುಷ್ಟಿ ಹಾಕಿಟ್ಟರೆ ಮೀನು ಅಲ್ಲಿಗೆ ಬರಲು ಕಲಿಯುತ್ತದೆ. ಗೆಂಡೆಗೆ ಹೊಟ್ಟೆಯ ಚೀಲವೇ ಇಲ್ಲ. ಒಮ್ಮೆಲೇ ತಿಂದು ಮಲಗುವ ಜಾತಿಯಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ ಮೇಯುತ್ತಾ ಇರುತ್ತದೆ. ಹಾಗಾಗಿ ಒಂದೆರಡು ಮುಷ್ಟಿ ಸಾಕು, ಬುಟ್ಟಿಗಟ್ಟಲೆ ಸುರಿದರೆ ನೀರು ಹಾಳು. ಕೆರೆಯಲ್ಲಿ ಹಾಕುವುದಾದರೆ ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ ಎಂದು ನೆನಪಿಟ್ಟು ಬೆಂಡನ್ನು ಮೇಲೆ ಕೆಳಗೆ ಸರಿಸಿಕೊಳ್ಳಬೇಕು.

ಕೂರುವ ರೀತಿಯೂ ಮುಖ್ಯ. ಗೆಂಡೆಗೆ ಕಿವಿ ಬಹಳ ಚುರುಕು. ಅದರ ಗಾಳಿಚೀಲಕ್ಕೂ ಕಿವಿಗೂ ನಡುವೆ ಸಣ್ಣ ಎಲುಬುಗಳ ಸರಪಣಿಯೇ ಇದೆ. ನಾವು ದಡದಲ್ಲಿ ಧಡಧಡ ಹೆಜ್ಜೆ ಹಾಕಿದ್ದು ನೀರೊಳಗೆ ಅದಕ್ಕೆ ತಿಳಿಯುತ್ತದೆ. ಬೆಳಗ್ಗೆ ಅಥವಾ ಸಾಯಂಕಾಲ, ನೆರಳು ನೀರಿಗೆ ಬೀಳದ ಕಡೆ, ಪೊದೆಗೆ ಬೆನ್ನು ಕೊಟ್ಟು ಸುಮ್ಮನೆ ಕೂರಬೇಕು. ಹೊಳೆ ತಿರುವಿನ ಒಳಬದಿ, ಬಂಡೆಯ ಹಿಂದಿನ ನಿಧಾನ ನೀರು, ನೀರಿಗೆ ಬಾಗಿದ ಮರದ ಬುಡ, ಇವು ನೋಡಬೇಕಾದ ಜಾಗಗಳು. ಬೆಂಡು ಒಮ್ಮೆ ಅಲುಗಿದರೆ ಎಳೆಯಬಾರದು. ಅದು ಓರೆಯಾಗಿ ಸರಿಯಲು ಶುರುವಾದಾಗ ಎಳೆಯಬೇಕು. ಇದನ್ನು ಬರೆದು ಕಲಿಸಲು ಆಗುವುದಿಲ್ಲ, ಹತ್ತು ಸಲ ಕಳೆದುಕೊಂಡ ಮೇಲೆ ಕೈಗೇ ಬರುತ್ತದೆ.

"ಮೂರು ಗಂಟೆ ಕೂತು ಅಂಗೈಯಗಲದ ನಾಲ್ಕು ಮೀನು ತರುವುದಕ್ಕಿಂತ ಬಾಗಿಲಿಗೇ ಬರುವ ಬಂಗುಡೆ, ಬೂತಾಯಿ ತೆಗೆದುಕೊಂಡರೆ ಆಗದೇ?" ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿದರೆ ಅವರ ಮಾತು ಸರಿ, ಗಾಳದಿಂದ ಸಂಸಾರ ನಡೆಯುವುದಿಲ್ಲ. ನಾನು ಹೇಳುವ ಲಾಭ ಬೇರೆ. ವಾರಕ್ಕೊಮ್ಮೆ ಹೊಳೆ ಬದಿಯಲ್ಲಿ ಕೂರುವವನಿಗೆ ಹೊಳೆಯ ಸಂಗತಿ ಗೊತ್ತಾಗುತ್ತದೆ. ನೀರಿನ ಬಣ್ಣ ಬದಲಾದದ್ದು, ಕಳೆದ ವರ್ಷ ಇದ್ದ ಮೀನು ಈ ವರ್ಷ ಕಾಣದ್ದು, ಮೇಲಿನಿಂದ ಹೊಟ್ಟೆ ಮೇಲಾಗಿ ತೇಲಿ ಬಂದದ್ದು ಅವನ ಕಣ್ಣಿಗೇ ಮೊದಲು ಬೀಳುತ್ತದೆ. ಹೊಳೆ ಬದಿಯಲ್ಲಿ ಹೀಗೆ ಕೂರುವವರು ಇಲ್ಲದಾದಾಗಲೇ ರಾತ್ರಿ ವಿಷ ಹಾಕುವವರಿಗೆ ಧೈರ್ಯ ಬರುವುದು.

ಬೇಸಗೆಯಲ್ಲಿ ಹರಿವು ನಿಂತು ಕಯಗಳು ಮಾತ್ರ ಉಳಿದಾಗ ಮೀನೆಲ್ಲ ಆ ಗುಂಡಿಗಳಲ್ಲಿ ಸೇರುತ್ತದೆ. ಮುಂದಿನ ಮಳೆಗಾಲದ ಬೀಜ ಅಲ್ಲಿರುವುದೇ. ಅಂಥ ಕಯಕ್ಕೆ ಮೈಲುತುತ್ತು, ಬ್ಲೀಚಿಂಗ್ ಪೌಡರ್ ಅಥವಾ ತೋಟದ ಕೀಟನಾಶಕ ಸುರಿದರೆ ದೊಡ್ಡ ಮೀನು ನಾಲ್ಕು ಬುಟ್ಟಿ ಸಿಗಬಹುದು. ಮರಿ, ಮೊಟ್ಟೆ, ಸಿಗಡಿ, ಏಡಿ, ಕಪ್ಪೆ ಎಲ್ಲ ಸಾಯುತ್ತದೆ. ಆ ನೀರನ್ನು ದನ ಕುಡಿಯುತ್ತದೆ, ಬದಿಯ ಬಾವಿಗೂ ಅದು ಇಳಿಯಬಹುದು. ಶಿಶಿಲದಲ್ಲಿ 1996ರಲ್ಲಿ ಯಾರೋ ದುರುಳರು ವಿಷ ಹಾಕಿ ಸಾವಿರಾರು ದೇವರ ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವೇ ಇದೆ. ನಮ್ಮ ಹೊಳೆಗಳಲ್ಲಿ ಸಾಯುವ ಚಿಕ್ಕ ಮೀನಿಗೆ ಸ್ಮಾರಕ ಯಾರು ಕಟ್ಟುತ್ತಾರೆ?

ವಿಷ ಹಾಕುವವರನ್ನು ಬೈಯುವಾಗ ಅಡಿಕೆ ಬೆಳೆಗಾರರಾದ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಕೊಳೆರೋಗಕ್ಕೆ ತುತ್ತು, ಸುಣ್ಣದ ದ್ರಾವಣ ಬಿಡದೆ ಉಪಾಯವಿಲ್ಲ. ಮೈಸೂರಿನಲ್ಲಿ ಕೋಲ್ಮನ್ ಸಾಹೇಬರು ನೂರು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟ ಆ ಮದ್ದು ನಮ್ಮ ತೋಟಗಳನ್ನು ಉಳಿಸಿದೆ. ಆದರೆ ತುತ್ತಿನ ತಾಮ್ರ ಮೀನಿಗೆ ಕಡು ವಿಷ. ನಮ್ಮ ಮುರಕಲ್ಲು ನೆಲದಂಥ ಕಡೆಯ ಸುಣ್ಣದ ಅಂಶ ಕಡಿಮೆ ಇರುವ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು. ಮದ್ದು ಬಿಟ್ಟ ಡ್ರಮ್ಮು, ಪಂಪು, ಪೈಪುಗಳನ್ನು ತೋಡಿಗೆ ಇಳಿಸಿ ತೊಳೆಯುವುದನ್ನು ಬಿಟ್ಟು, ತೊಳೆದ ನೀರನ್ನು ತೋಡಿನಿಂದ ದೂರ ತೋಟದ ಒಳಗೇ ಚೆಲ್ಲಿದರೆ ಖರ್ಚೇನೂ ಇಲ್ಲ. ನಮ್ಮ ನೆರೆಯ ಎಣ್ಮಕಜೆಯ ಪಡ್ರೆಯವರು ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಬಿದ್ದ ಎಂಡೋಸಲ್ಫಾನಿನಿಂದ ಏನು ಅನುಭವಿಸಿದರೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಸುಮಾರು ಎರಡು ದಶಕ ನಡೆದ ಆ ಸಿಂಪರಣೆ 2000ದ ಹೊತ್ತಿಗೆ ನಿಂತಿತು, ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಎಂಡೋಸಲ್ಫಾನ್ ಮೀನಿಗೆ ಅತಿ ಘೋರ ವಿಷ. ನೀರಿನಲ್ಲಿ ಮೀನು ಸಾಯುವುದು ಮನುಷ್ಯರಿಗೆ ಮೊದಲ ಸೂಚನೆ ಎಂಬುದನ್ನು ನಮ್ಮ ಜಿಲ್ಲೆಯವರಾದರೂ ಮರೆಯಬಾರದು.

ಕಾನೂನು ಹೊಸದಲ್ಲ. ತೋಟೆ, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಬ್ರಿಟಿಷರ ಕಾಯ್ದೆಯೇ ಅಪರಾಧ ಎಂದಿತ್ತು. ಕೇರಳದ 2010ರ ಒಳನಾಡು ಮೀನುಗಾರಿಕೆ ಕಾಯ್ದೆಯಲ್ಲಿ ಕರೆಂಟು ಕೊಟ್ಟು ಹಿಡಿಯುವುದಕ್ಕೂ ತಡೆ ಇದೆ. ಮೊದಲ ಮಳೆಗೆ ಮೊಟ್ಟೆ ತುಂಬಿಕೊಂಡು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರುವ ಉಬರ್ ಮೀನನ್ನು ಅಡ್ಡಗಟ್ಟಿ ಹಿಡಿಯುವುದೂ ಈಗ ತಪ್ಪು. ಈ ಕೊನೆಯ ಮಾತು ನಮ್ಮವರಿಗೆ ರುಚಿಸಲಾರದು. ಟಾರ್ಚು, ಕತ್ತಿ ಹಿಡಿದು ಗದ್ದೆಗೆ ಇಳಿಯುವ ಆ ರಾತ್ರಿಯ ಸಂಭ್ರಮ ನನಗೂ ಗೊತ್ತು. ಹಿಂದೆ ಬೈಲೆಲ್ಲ ಗದ್ದೆಯಾಗಿತ್ತು, ನಾಲ್ಕು ಮೀನು ಕಡಿದರೂ ನಲವತ್ತು ದಾಟಿ ಹೋಗುತ್ತಿತ್ತು. ಗದ್ದೆಯೆಲ್ಲ ಅಡಿಕೆ ತೋಟವಾದ ಮೇಲೆ ಮೊಟ್ಟೆ ಇಡುವ ಜಾಗವೇ ಕಿರಿದಾಗಿದೆ. ಜೂನ್, ಜುಲೈ ಎರಡು ತಿಂಗಳು ಗಾಳವನ್ನೂ ಅಟ್ಟದಲ್ಲಿಡುವುದು ಮೇಲು.

ಇನ್ನೊಂದು ಆಲೋಚನೆ ಕೆಲವು ಉತ್ಸಾಹಿ ಯುವಕರಿಗಿದೆ: ಹೊಳೆಗೆ ಸಾಮಾನ್ಯ ಗೆಂಡೆಯ ಮರಿ ಬಿಟ್ಟರೆ ದೊಡ್ಡ ಮೀನು ಸಿಗುತ್ತದಲ್ಲ ಎಂದು. ದಯವಿಟ್ಟು ಬೇಡ. ಅದು ತಳದ ಕೆಸರು ಅಗೆದು ನೀರು ಕದಡುವ ಮೀನು, ನಮ್ಮ ಸಣ್ಣ ಮೀನುಗಳ ಮೇವಿಗೂ ಮೊಟ್ಟೆಗೂ ಕಂಟಕ. ಸ್ವಂತ ಕೆರೆ, ಮದಕ ಇರುವವರು ಅಲ್ಲಿ ಬಿಡಲಿ, ಮಕ್ಕಳ ಅಭ್ಯಾಸಕ್ಕೂ ಆಯಿತು, ಸಾರಿಗೂ ಆಯಿತು. ಆದರೆ ಕೆರೆಯ ಕೋಡಿಗೆ ಬಲೆ ಕಟ್ಟಿರಲಿ. 2018ರ ಮಹಾಪ್ರವಾಹದಲ್ಲಿ ಸಾಕಣೆಯ ಹೊಂಡಗಳು ಒಡೆದು ಎಲ್ಲೆಲ್ಲಿಯ ವಿದೇಶಿ ಮೀನುಗಳೋ ಕೇರಳದ ನದಿಗಳಿಗೆ ನುಗ್ಗಿದ್ದನ್ನು ಕಂಡಿದ್ದೇವೆ.

ಆರೋಗ್ಯದ ಮಾತು ಎರಡೇ ಎರಡು. ಕಾಲಿನಲ್ಲಿ ಗಾಯ, ಬಿರುಕು ಇದ್ದವರು ನಿಂತ ನೀರಿಗೆ ಇಳಿಯಬಾರದು, ಇಲಿಜ್ವರದ ರೋಗಾಣು ಒಳಹೊಗುವುದು ಅಲ್ಲಿಂದಲೇ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮಾತ್ರೆ ನುಂಗಿ ಮಲಗದೆ ಆರೋಗ್ಯ ಕೇಂದ್ರಕ್ಕೆ ಹೋಗಿ "ಹೊಳೆಗೆ ಇಳಿದಿದ್ದೆ" ಎಂದು ವೈದ್ಯರಿಗೆ ಹೇಳಬೇಕು. ಎರಡನೆಯದು ಅಡುಗೆಮನೆಯದ್ದು. ರೋಹು ಮುಂತಾದ ಗೆಂಡೆಗಳ ಪಿತ್ತಕೋಶವನ್ನು ಸಕ್ಕರೆ ಕಾಯಿಲೆಗೆ, ಕಣ್ಣಿಗೆ ಮದ್ದೆಂದು ಹಸಿಯಾಗಿ ನುಂಗಿದವರ ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದ ಉದಾಹರಣೆಗಳು ನಮ್ಮ ದೇಶದಲ್ಲೇ ಇವೆ. ಆ ವಿಷ ಬೇಯಿಸಿದರೂ ಹೋಗುವುದಿಲ್ಲ. ಮೀನು ಶುಚಿ ಮಾಡುವಾಗ ಹಸಿರು ಚೀಲ ಒಡೆಯದಂತೆ ತೆಗೆದು ಹೂಳಿಬಿಡಿ. ಈಜು ಬಾರದ ಮಕ್ಕಳನ್ನು ಒಬ್ಬಂಟಿಯಾಗಿ ಕಯದ ಬದಿಗೆ ಕಳಿಸಬಾರದೆಂದು ಬೇರೆ ಹೇಳಬೇಕೇ?

ಇನ್ನು ಸ್ವಲ್ಪ ದಿನದಲ್ಲಿ ಕಟ್ಟ ಕಟ್ಟುವ ಕೆಲಸ ಸುರುವಾಗುತ್ತದೆ. ಕಲ್ಲು, ಮಣ್ಣು ಹೊರಲು ಬೈಲಿನವರೆಲ್ಲ ಸೇರುವ ಆ ದಿನವೇ ಒಂದು ಮಾತು ಮಾಡಿಕೊಳ್ಳಬಹುದು: ಕಟ್ಟದ ನೀರಿಗೆ ಬಲೆ, ತುತ್ತು ಇಲ್ಲ, ಮಾರ್ಚ್ ತನಕ ಗಾಳಕ್ಕೆ ಅಡ್ಡಿಯಿಲ್ಲ, ಆಮೇಲೆ ಮಳೆ ಬಂದು ಹೊಳೆ ಹರಿದು ತಿಳಿಯಾಗುವವರೆಗೆ ಅದೂ ಬೇಡ. ಬೆರಳುದ್ದದ ಮರಿ ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ನೀರಿಗೇ ಬಿಡಬೇಕು. ಒಣ ಕೈಯಲ್ಲಿ ಹಿಡಿದರೆ ಅದರ ಮೈಯ ಲೋಳೆ ಕಿತ್ತು ಬಂದು, ಬಿಟ್ಟರೂ ಬದುಕದೆ ಹೋಗಬಹುದು.