ಹಳೆಯ ಬಾಗಿಲಿನ ಬಣ್ಣ

ರೋಣ, ನರಗುಂದ, ಗಜೇಂದ್ರಗಡಗಳ ಹಳೆಯ ಓಣಿಗಳಲ್ಲಿ ಮಣ್ಣಿನ ಮೇಲ್ಮುದ್ದೆಯ ಮನೆಗಳು ಇನ್ನೂ ಉಳಿದಿವೆ. ಅವುಗಳ ಗೋಡೆಗೆ ಸುಣ್ಣ. ಬಾಗಿಲು, ಚೌಕಟ್ಟು, ಪಡಸಾಲೆಯ ಕಂಬಗಳಿಗೆ ಎಣ್ಣೆಬಣ್ಣ. ಸುಣ್ಣದ ಭಯವಿಲ್ಲ. ಎಣ್ಣೆಬಣ್ಣದಲ್ಲಿ ಮಾತ್ರ ಸೀಸವಿರಬಹುದು. ಬಿಳುಪಿಗೆಂದು ಸೀಸದ ಕಾರ್ಬೊನೇಟನ್ನೂ, ಹಳದಿಗೆಂದು ಸೀಸದ ಕ್ರೋಮೇಟನ್ನೂ, ಬೇಗನೆ ಒಣಗಲೆಂದು ಸೀಸದ ಇತರ ಲವಣಗಳನ್ನೂ ಬೆರೆಸುವುದು ಬಹುಕಾಲದ ರೂಢಿಯಾಗಿತ್ತು. ಮನೆ ದುರಸ್ತಿಗೆ ಬಂದ ಬಣ್ಣಗಾರನು ಮೊದಲು ಹಳೆಯ ಪದರವನ್ನು ಕೆರೆದು, ಉಜ್ಜುಕಾಗದದಿಂದ ತಿಕ್ಕಿ ತೆಗೆಯುವನು. ಅದೇ ಪಡಸಾಲೆಯಲ್ಲಿ ಮನೆಯ ಕೂಸು ಅಂಬೆಗಾಲಿಕ್ಕುತ್ತಿರುವುದು.

ಕಾನೂನು ಇಲ್ಲವೆಂದಲ್ಲ. 2016ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮದಂತೆ ಮನೆಬಳಕೆಯ ಬಣ್ಣದ ಹತ್ತು ಲಕ್ಷ ಪಾಲಿನಲ್ಲಿ ಸೀಸವು 90 ಪಾಲನ್ನು ಮೀರಕೂಡದು; ಒಂದು ವರ್ಷದ ತರುವಾಯ ಅದು ಜಾರಿಗೆ ಬಂದಿತು. ಆದರೆ ಈ ನಿಯಮವು ಅಂಗಡಿಯ ಡಬ್ಬಿಗೆ ಸಂಬಂಧಿಸಿದ್ದು, ಮನೆಯ ಬಾಗಿಲಿಗಲ್ಲ. ಅಮೆರಿಕದವರು ಮನೆಬಣ್ಣದಲ್ಲಿ ಸೀಸವನ್ನು 1978ರಲ್ಲಿ ನಿಷೇಧಿಸಿದರು. ಅಷ್ಟರಿಂದ ತೀರಲಿಲ್ಲವೆಂದು ದುರಸ್ತಿಯ ಕೆಲಸಕ್ಕೇ ಬೇರೆ ನಿಯಮಗಳನ್ನು 2008ರಲ್ಲಿ ರಚಿಸಿದರು. ಅಲ್ಲಿ ಹಳೆಯ ಮನೆಯೆಂದರೆ 1978ಕ್ಕಿಂತ ಹಿಂದಿನದು. ಇಲ್ಲಿ ಆ ಲೆಕ್ಕ ಸಲ್ಲದು; 2015ರಲ್ಲಿ ಬಣ್ಣ ಕಂಡ ಸಿಮೆಂಟಿನ ಮನೆಯೂ ಈ ಮಾತಿನಲ್ಲಿ ಹಳೆಯದೇ.

ವಾಚಕರು ಒಂದು ಲೆಕ್ಕವನ್ನು ನೋಡಬೇಕು. ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ ಸೀಸವಿದ್ದರೆ ಅಮೆರಿಕದ ನಿಯಮವು ಅದನ್ನು ಸೀಸದ ಬಣ್ಣವೆಂದು ಎಣಿಸುತ್ತದೆ. ಅಂತಹ ಬಣ್ಣದ ಒಂದೇ ಚದರಡಿಯಲ್ಲಿ ಸುಮಾರು 930 ಮಿಲಿಗ್ರಾಂ ಸೀಸವಾಯಿತು. ಅದು ಧೂಳಾಗಿ, ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯಲ್ಲಿ ಸಮನಾಗಿ ಹರಡಿದರೆ ನೆಲದ ಚದರಡಿಗೆ 9,300 ಮೈಕ್ರೋಗ್ರಾಂ ಬೀಳುವುದು. ನೆಲದ ಧೂಳಿಗೆ ಆ ದೇಶವು 2001ರಲ್ಲಿ ಗೊತ್ತುಪಡಿಸಿದ ಅಪಾಯದ ಮಿತಿ 40 ಮೈಕ್ರೋಗ್ರಾಂ. ಮುಂದೆ ಅದನ್ನೂ ಇಳಿಸಿದರು. ಕೆಡಕು ಹಬ್ಬಲು ಬಾಗಿಲಿನ ಒಂದು ಮೂಲೆ ಸಾಕು. ಸೀಸವು ಕೊಳೆತು ಹೋಗುವ ಪದಾರ್ಥವಲ್ಲ. ಶರೀರವು ಅದನ್ನು ಕ್ಯಾಲ್ಸಿಯಂ ಎಂದೇ ಬಗೆದು ಎಲುಬಿನಲ್ಲಿ ಕೂಡಿಡುತ್ತದೆ. ಎಳೆಯ ಮಿದುಳಿಗೆ ಆದ ಹಾನಿಯನ್ನು ತುಂಬಿಕೊಡುವ ಔಷಧವಿಲ್ಲ.

ನಮ್ಮ ಬಡ ಊರುಗಳಿಗೆ ಅಮೆರಿಕದ ನಿಯಮವೆ, ಎಂದು ಕೆಲವರು ನಕ್ಕಾರು. ಅಲ್ಲಿಯ ಬೆಲೆಬಾಳುವ ಧೂಳೆಳೆಯುವ ಯಂತ್ರಗಳನ್ನು ನಾವು ಕೇಳುತ್ತಿಲ್ಲ. ನೀರು ಚಿಮುಕಿಸಿ ಹಸಿಯಾಗಿಯೇ ಕೆರೆಯುವುದು, ಬೆಂಕಿ ತಾಗಿಸಿ ಬಣ್ಣವನ್ನು ಉಬ್ಬಿಸದಿರುವುದು, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುವುದು, ಕೆಲಸ ಮುಗಿಯುವ ತನಕ ಮಕ್ಕಳನ್ನೂ ಬಸುರಿಯರನ್ನೂ ಬೇರೆಡೆ ಇರಿಸುವುದು: ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಮೂರೂ ಊರುಗಳ ಪುರಸಭೆಗಳು ದುರಸ್ತಿಯ ಪರವಾನಿಗೆಯ ಕಾಗದದಲ್ಲಿಯೇ ಇಷ್ಟನ್ನು ಬರೆಯಲಿ. ಹಳೆಯ ಬಣ್ಣವನ್ನೆಲ್ಲ ಕಿತ್ತೊಗೆಯಬೇಕೆಂಬ ಉತ್ಸಾಹಿಗಳ ಮಾತನ್ನೂ ನಾವು ಒಪ್ಪೆವು. ಗಟ್ಟಿಯಾಗಿ ಹಿಡಿದಿರುವ ಪದರವನ್ನು ಕೆಣಕದೆ ಅದರ ಮೇಲೆಯೇ ಹೊಸದನ್ನು ಬಳಿಯುವುದು ಲೇಸು. ಎಲ್ಲರಿಗಿಂತ ಮೊದಲು ಈ ಧೂಳನ್ನು ಉಸಿರಾಡುವವನು ಬಣ್ಣಗಾರನೇ. ಮನೆಯೊಡೆಯನಿಗೆ ವರ್ಷಕ್ಕೊಮ್ಮೆಯಾದರೆ ಅವನಿಗೆ ಇದು ದಿನದಿನದ ಕೆಲಸ.

ಸೀಸವಿಷದ ಕುರಿತು ಬೆಂಗಳೂರಿನಲ್ಲಿ 1999ರಲ್ಲಿಯೇ ಅಂತಾರಾಷ್ಟ್ರೀಯ ಸಮ್ಮೇಳನ ನೆರೆದಿತ್ತು. ಮರುವರ್ಷ ದೇಶದ ಪೆಟ್ರೋಲಿನಿಂದ ಸೀಸ ಹೊರಟುಹೋಯಿತು. ಬಣ್ಣದ ಡಬ್ಬಿಗೆ ಕಟ್ಟಳೆ ಬರಲು ಮತ್ತೆ ಹದಿನೇಳು ವರ್ಷ ಹಿಡಿಯಿತು. ಬಾಗಿಲಿನ ಸರದಿ ಇನ್ನೂ ಬಂದಿಲ್ಲ.

ಕೆರೆದ ಚೂರುಗಳನ್ನು ತಿಪ್ಪೆಗೆ ಸುರಿಯಬಾರದು, ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುವುದು. ಮುರಿದ ಚೌಕಟ್ಟನ್ನು ನೀರೊಲೆಗೆ ಹಾಕುವ ರೂಢಿಯಂತೂ ತೀರ ಕೆಟ್ಟದ್ದು: ಸೀಸದ ಒಂದಂಶ ಹೊಗೆಯಲ್ಲಿ ಹೋಗುವುದು, ಉಳಿದದ್ದು ಬೂದಿಯಲ್ಲಿ ನಿಲ್ಲುವುದು, ಮತ್ತು ಆ ಬೂದಿಯಿಂದಲೇ ಮರುದಿನ ಊಟದ ತಾಟುಗಳನ್ನು ತಿಕ್ಕುವ ಮನೆಗಳು ಈಗಲೂ ಇವೆ.