ಬ್ಯಾಲೆಗೆ ಮೊದಲು ಬೇಕಾದದ್ದು ಸಂಬಳ

ಮುಂಬಯಿಯಲ್ಲಿ ಯಾರಾದರೂ ಹೊಸ ಬ್ಯಾಲೆ ತಂಡ ಕಟ್ಟುವ ಮಾತೆತ್ತಿದರೆ ಸಾಕು, ಎರಡು ಹಳೇ ರಾಗ ಶುರುವಾಗುತ್ತವೆ. ‘ಇಲ್ಲಿ ನೋಡುವವರು ಯಾರು?’ ಎನ್ನುವುದು ಒಂದು. ‘2,000 ಆಸನಗಳ ಭರ್ಜರಿ ರಂಗಮಂದಿರವೇ ಬಂದಿದೆಯಲ್ಲ, ಇನ್ನೇನು ಬೇಕು?’ ಎನ್ನುವುದು ಇನ್ನೊಂದು. 2023ರಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರ ಬಾಗಿಲು ತೆರೆದ ಮೇಲೆ ಎರಡನೆಯದರ ಸದ್ದು ಜಾಸ್ತಿ. ಎರಡೂ ದಾರಿ ತಪ್ಪಿಸುವ ಮಾತುಗಳೇ. ತಂಡ ಒಡೆಯುವುದು ತಾಲೀಮಿನ ಕೋಣೆಯಲ್ಲಿ, ತಿಂಗಳ ಕೊನೆಗೆ.

ಬೊರಿವಲಿಯನ್ನೇ ನೋಡಿ. ನವರಾತ್ರಿಯಲ್ಲಿ ಗಾಯಕಿ ಫಾಲ್ಗುಣಿ ಪಾಠಕ್ ಅವರ ಗರ್ಬಾಕ್ಕೆ ಹಣ ಕೊಟ್ಟು ಸಾವಿರಾರು ಜನ ಸೇರಿದ ಉಪನಗರ ಇದು. ಪಶ್ಚಿಮದಲ್ಲಿ ಪ್ರಬೋಧನ್‌ಕಾರ್ ಠಾಕ್ರೆ ನಾಟ್ಯಗೃಹವಿದೆ. ಕುಣಿತಕ್ಕೆ ಕಾಸು ಬಿಚ್ಚದ ಊರೇನಲ್ಲ. ಆದರೆ ಇಲ್ಲಿನ ನರ್ತಕ ಬದುಕುವುದು ಸಂಜೆಯ ಮಕ್ಕಳ ಬ್ಯಾಚ್‌ಗಳಿಂದ, ಮದುವೆ ಸೀಸನ್‌ನಲ್ಲಿ ‘ಸಂಗೀತ್’ ಸಮಾರಂಭಕ್ಕೆ ವಧುವಿನ ಚಿಕ್ಕಮ್ಮಂದಿರಿಗೆ ಹೆಜ್ಜೆ ಕಲಿಸುವುದರಿಂದ. ಎಂಟು ಜನರ ಸಾಲಿನಲ್ಲಿ ಒಬ್ಬ ಬುಧವಾರ ಇಂಥ ಕೆಲಸಕ್ಕೆ ಹೋದರೆ, ಗುರುವಾರ ಉಳಿದ ಏಳು ಮಂದಿ ಅವನಿಗಾಗಿ ಅದೇ ಪಾಠ ಮತ್ತೆ ಕುಣಿಯಬೇಕು. ಏಕವ್ಯಕ್ತಿ ನೃತ್ಯಕ್ಕೆ ಈ ಪೀಡೆಯಿಲ್ಲ. ಬ್ಯಾಲೆಗೆ ಇದೇ ಪ್ರಾಣಸಂಕಟ.

ಈಗ ಯಾರೂ ಮಾತಾಡದ ಅಂಕಿಗೆ ಬರೋಣ. ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಪರಂಪರೆ ಯೋಜನೆ, ಅಂದರೆ ಕಲಾವಿದರ ಬಾಯಲ್ಲಿ ಇನ್ನೂ ‘ರೆಪರ್ಟರಿ ಗ್ರಾಂಟ್’ ಆಗಿಯೇ ಉಳಿದಿರುವ ಅನುದಾನ, ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಶಿಷ್ಯರಿಗೆ ವಯಸ್ಸಿಗೆ ತಕ್ಕಂತೆ 2,000ದಿಂದ 10,000 ರೂಪಾಯಿ ಕೊಡುತ್ತದೆ. ನಾಟಕಕ್ಕೆ ಗರಿಷ್ಠ 18 ಶಿಷ್ಯರು. ಸಂಗೀತ ಮತ್ತು ನೃತ್ಯಕ್ಕೆ 10. ಹತ್ತೇ! ಲೆಕ್ಕ ಹಾಕಿದರೆ ಇಡೀ ತಂಡಕ್ಕೆ ತಿಂಗಳಿಗೆ ಹೆಚ್ಚೆಂದರೆ 1,15,000 ರೂಪಾಯಿ. ಬೊರಿವಲಿಯಲ್ಲಿ 10,000 ರೂಪಾಯಿಗೆ ಒಬ್ಬ ನರ್ತಕ ಬಾಡಿಗೆ ಕಟ್ಟುತ್ತಾನೋ, ಹೊಟ್ಟೆ ತುಂಬಿಸಿಕೊಳ್ಳುತ್ತಾನೋ? ಅದಕ್ಕಿಂತ ದೊಡ್ಡ ದೋಷ ಆ ಹತ್ತರಲ್ಲೇ ಇದೆ. ನೃತ್ಯವೆಂದರೆ ಒಬ್ಬ ಗುರು, ಸುತ್ತ ನಾಲ್ಕಾರು ಶಿಷ್ಯರು ಎಂಬ ಕಲ್ಪನೆಯಿಂದ ಹುಟ್ಟಿದ ಮಿತಿ ಅದು. ಗುಂಪೇ ಜೀವಾಳವಾದ ಪ್ರಕಾರವೊಂದು ನೃತ್ಯದಲ್ಲೂ ಇದೆ ಎಂಬುದು ನಿಯಮ ಬರೆದವರ ತಲೆಗೆ ಹೊಳೆದಂತಿಲ್ಲ.

ನರ್ತಕರ ತಂಡಕ್ಕೆ ಆಸರೆ ಕೊಡದಿದ್ದರೆ ತೆರಬೇಕಾದ ಬೆಲೆ ಏನೆಂದು ಮುಂಬಯಿಗೆ ಗೊತ್ತಿರಬೇಕಿತ್ತು. 1940ರ ದಶಕದಲ್ಲಿ ಅಂಧೇರಿಯಲ್ಲಿ ಇಪ್ಟಾದ (ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್) ಬ್ಯಾಲೆ ತಂಡವನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರಾದ ಶಾಂತಿ ಬರ್ಧನ್ 1952ರಲ್ಲಿ ಇದೇ ನಗರದಲ್ಲಿ ಲಿಟಲ್ ಬ್ಯಾಲೆ ಟ್ರೂಪ್ ಆರಂಭಿಸಿದರು. ನರ್ತಕರನ್ನು ಸೂತ್ರದ ಬೊಂಬೆಗಳಂತೆ ಕುಣಿಸಿದ ಅವರ ‘ರಾಮಾಯಣ’ ಭಾರತೀಯ ಬ್ಯಾಲೆಯ ದಿಕ್ಕನ್ನೇ ಬದಲಿಸಿತು. 1954ರಲ್ಲಿ ಕ್ಷಯ ಅವರನ್ನು ಬಲಿ ತೆಗೆದುಕೊಂಡಿತು. ಪತ್ನಿ ಗುಲ್ ಬರ್ಧನ್ ಮತ್ತು ತಂಡದ ಪ್ರಭಾತ್ ಗಂಗೂಲಿ ಅದನ್ನು ಕೈಬಿಡಲಿಲ್ಲ. ಆದರೆ 1964ರಲ್ಲಿ ತಂಡ ಗ್ವಾಲಿಯರ್‌ಗೆ, ಮುಂದೆ ಭೋಪಾಲಕ್ಕೆ ಹೋಯಿತು, ಅಲ್ಲೇ ಬೇರೂರಿತು. ಪ್ರೇಕ್ಷಕರು, ಪತ್ರಿಕೆಗಳು, ಸಿನಿಮಾದ ನಂಟು ಎಲ್ಲವೂ ಇದ್ದ ನಗರಕ್ಕೆ ಅದನ್ನು ಉಳಿಸಿಕೊಳ್ಳಲಾಗಲಿಲ್ಲ. 1953ರಲ್ಲಿ ಇಲ್ಲೇ ಹುಟ್ಟಿದ ಸಚಿನ್ ಶಂಕರ್ ಬ್ಯಾಲೆ ಯೂನಿಟ್ ದಶಕಗಳ ಕಾಲ ಬಾಳಿತಲ್ಲ ಎನ್ನಬಹುದು. ಒಂದು ಅಪವಾದವನ್ನು ಹಿಡಿದುಕೊಂಡು ನೀತಿ ರೂಪಿಸಲಾಗದು.

ಹಾಗಾದರೆ ದಾರಿ? ಬೊರಿವಲಿಯ ಕನ್ನಡಿಗರು, ತುಳುವರು ಪ್ರತಿ ಮಳೆಗಾಲದಲ್ಲೂ ಅದನ್ನು ಕಣ್ಣೆದುರು ನೋಡುತ್ತಾರೆ. ಊರಿನಲ್ಲಿ ತಿರುಗಾಟ ಮುಗಿಸಿ ಮುಂಬಯಿಗೆ ಬರುವ ಯಕ್ಷಗಾನ ಕಲಾವಿದ ನವೆಂಬರ್‌ನಿಂದ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ, ಒಂದೇ ಮೇಳದವನು. ಇಡೀ ತಿರುಗಾಟದ ಸಂಬಳ ಮೊದಲೇ ಮಾತಾಗಿ, ಮುಂಗಡ ಕೈಸೇರಿರುತ್ತದೆ. ಶಿವರಾಮ ಕಾರಂತರು ಮಾತು ಕಳಚಿ, ಪಿಟೀಲು-ಸ್ಯಾಕ್ಸೊಫೋನ್ ತಂದು, ಉಡುಪಿಯಲ್ಲಿ ಯಕ್ಷಗಾನ ಬ್ಯಾಲೆ ಕಟ್ಟಿದಾಗ ಅವರಿಗೆ ದಕ್ಕಿದ್ದು ಇಂಥ ಮೇಳಗಳಲ್ಲಿ ಪಳಗಿದ ಕಾಲುಗಳು. ಕಾರಂತರ ಪ್ರತಿಭೆಯನ್ನು ಎಲ್ಲರೂ ಹೊಗಳುತ್ತಾರೆ, ಆ ಕಾಲುಗಳಿಗೆ ಅನ್ನ ಹಾಕಿದ ವ್ಯವಸ್ಥೆಯನ್ನು ಯಾರೂ ನೆನೆಯುವುದಿಲ್ಲ.

ಇನ್ನೂ ಒಂದು ಪಾಠವಿದೆ. ಟಿಕೆಟ್ಟನ್ನೇ ನಂಬಿದ ಡೇರೆ ಮೇಳಗಳಲ್ಲಿ ಬಹುಪಾಲು ಸೊರಗಿದವು. ಇಡೀ ಆಟವನ್ನು ಒಬ್ಬರು ಆಡಿಸಿ, ಊರೆಲ್ಲ ಪುಕ್ಕಟೆ ನೋಡುವ ಹರಕೆ ಮೇಳಗಳು ಉಳಿದವು. ಕಟೀಲು ಮೇಳದ ಆಟಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಬ್ಯಾಲೆಗೆ ಹರಕೆ ಹೊರುವವರು ಯಾರು ಎಂದು ನಗಬೇಡಿ. ಭಕ್ತಿಯನ್ನು ಎರವಲು ತರಲಾಗದು, ನಿಜ. ಆದರೆ ಪ್ರದರ್ಶನವನ್ನು ಇಡಿಯಾಗಿ ಕೊಳ್ಳುವ ಪದ್ಧತಿಯನ್ನು ತರಬಹುದು. ದಹಿಸರ್‌ನಿಂದ ಅಂಧೇರಿವರೆಗಿನ ಶಾಲೆಗಳು, ಹೌಸಿಂಗ್ ಸೊಸೈಟಿಗಳು, ಗಣೇಶೋತ್ಸವ ಮಂಡಳಗಳು, ನಮ್ಮ ಕನ್ನಡ ಸಂಘಗಳು ವರ್ಷಕ್ಕೊಂದು ಆಟ ಆಡಿಸಿದರೆ ಅದೇ ಬ್ಯಾಲೆಯ ತಿರುಗಾಟ.

ಆದ್ದರಿಂದ ಬೊರಿವಲಿಯಲ್ಲಿ ತಂಡ ಕಟ್ಟಹೊರಟವರು ಮೊದಲ ಪ್ರದರ್ಶನದ ದಿನಾಂಕವನ್ನು ಪಕ್ಕಕ್ಕಿಡಲಿ. ಹದಿನಾರು ನರ್ತಕರಿಗೆ ಆರು ತಿಂಗಳ ಕರಾರು, ಆ ಆರು ತಿಂಗಳಿಗೆ ಇಡಿಯಾಗಿ ಮಾರಿದ ಪ್ರದರ್ಶನಗಳ ಪಟ್ಟಿ, ಇವೆರಡೂ ಕೈಯಲ್ಲಿರದೆ ಫಲಕ ತೂಗುಹಾಕಬಾರದು. ಸಚಿವಾಲಯ ತನ್ನ ಹತ್ತರ ಮಿತಿಯನ್ನು ಸಮೂಹ ನೃತ್ಯಕ್ಕಾದರೂ ಹದಿನೆಂಟಕ್ಕೆ ಏರಿಸಲಿ. ನಾಟಕಕ್ಕೆ ಸಲ್ಲುವುದು ಬ್ಯಾಲೆಗೇಕೆ ಸಲ್ಲದು? ಹೊಸ ರಂಗಮಂದಿರದ ಮಾತು ಆಮೇಲೆ.